ಇದು ಯಾವ್ದರ ಕ್ರಾಸು ಹೇಳಿ ನೋಡೋಣ!

ಹೋದ ಸಂಚಿಕೇಲಿ ಬಾರ್ಡರ್ ಕೋಲಿ ಕ್ರಾಸ್ ಸಾಕೋದರ ಬಗ್ಗೆ ಒಂದು ಪುಟ್ಟ ಉತ್ತರ ಬರೆದಿದ್ದೆ ನೋಡಿ, ಅದಕ್ಕೆ ಬಂದ ಪತ್ರ, ಮೆಸೇಜು, ಫೋಟೋಗಳಲ್ಲೇ ಈ ಸಲದ ಅಂಕಣ ತುಂಬಿಹೋಯ್ತು. ಹೆಚ್ಚಿನವರದ್ದು ಒಂದೇ ಪ್ರಶ್ನೆ, ಕುರಿ ಕಾಯೋ ನಾಯಿ ಥರ ಇದೆ, ಆದ್ರೆ ಯಾವ್ದರ ಮಿಕ್ಸು ಗೊತ್ತಾಗ್ತಿಲ್ಲ, ನೀವೇ ಹೇಳಿ ಅಂತ. ಎಲ್ಲರಿಗೂ ಬಿಡಿಬಿಡಿಯಾಗಿ ಬರೆಯೋಕಾಗಲ್ಲ, ಒಂದಷ್ಟು ಆರಿಸಿಕೊಂಡಿದೀನಿ. ಕೊನೇಲಿ ಒಂದು ನಾಯಿಗೆ ಮಾತ್ರ ನಾನೂ ಊಹೆ ಮಾಡಿದೀನಿ, ಆಸೆ ತಡೀಲಿಲ್ಲ.

ಪ್ರಶ್ನೆ: ಮೇಡಂ, ಶೆಲ್ಟರ್‌ನಿಂದ ಒಂದು ಹೆಣ್ಣುನಾಯಿ ತಂದಿದೀವಿ. ಕಪ್ಪು ಮೈ, ಕತ್ತಿನ ಸುತ್ತ ಬಿಳಿ ಪಟ್ಟಿ, ನಾಲ್ಕೂ ಪಾದ ಬಿಳಿ, ಬಾಲದ ತುದಿ ಬಿಳಿ. ಶೆಲ್ಟರ್ ಕಾರ್ಡಲ್ಲಿ 'ಬಾರ್ಡರ್ ಕೋಲಿ ಮಿಕ್ಸ್' ಅಂತ ಬರೆದಿದ್ರು. ಆದ್ರೆ ಕೂದಲು ಗಿಡ್ಡ, ಒಂದು ಕಣ್ಣು ನೀಲಿ. ನಮ್ಮೆಜಮಾನ್ರು ಹಸ್ಕಿ ಅಂತಾರೆ, ನನ್ನ ತಂಗಿ ಲ್ಯಾಬ್ ಅಂತಾಳೆ. ಯಾರು ಸರಿ?

ಉತ್ತರ: ಮೂರೂ ಪಾರ್ಟಿ ಗೆಲ್ಲಬಹುದು, ಮೂರೂ ಸೋಲಬಹುದು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ಕತ್ತಿಗೆ ಬಿಳಿ ಪಟ್ಟಿ ಇರೋದೆಲ್ಲ ಬಾರ್ಡರ್ ಕೋಲಿನೂ ಅಲ್ಲ. ಎದೆ, ಕತ್ತು, ಪಾದ, ಬಾಲದ ತುದಿ, ಹಣೆ ಮೇಲಿನ ಗೆರೆ, ಈ ಜಾಗಗಳೇ ಬಿಳಿ ಆಗೋದಕ್ಕೆ ಕಾರಣ ಇದೆ. ಮರಿ ಇನ್ನೂ ಹೊಟ್ಟೇಲಿ ಇರುವಾಗ ಬಣ್ಣ ಕೊಡೋ ಕೋಶಗಳು ಬೆನ್ನಿನ ಕಡೆಯಿಂದ ಹೊರಟು ಮೈಯೆಲ್ಲ ಹರಡ್ತಾ ಹೋಗತ್ವೆ, ಅವು ಕಟ್ಟಕಡೇಗೆ ತಲುಪೋ ಜಾಗಗಳು ಇವೇ, ಅಲ್ಲೀತನಕ ಬಂದು ಮುಟ್ಟದೇ ಹೋದ್ರೆ ಅಲ್ಲಿ ಬಿಳಿ ಉಳ್ಕೊಳ್ಳತ್ತೆ. ಯಾವ ತಳೀಲಾದ್ರೂ ಆಗಬಹುದು, ತಳಿ ಅಂತಲೇ ಇಲ್ಲದ ಬೀದಿನಾಯಲ್ಲೂ ಆಗತ್ತೆ.

ಇನ್ನು ಕೂದಲು. ಎಫ್‌ಜಿಎಫ್5 ಅನ್ನೋ ಒಂದು ಜೀನ್ ಇದೆ, ಉದ್ದ ಕೂದಲು ಬರಬೇಕಂದ್ರೆ ಅದರ ಬದಲಾದ ಪ್ರತಿ ಅಪ್ಪನಿಂದ ಒಂದು ಅಮ್ಮನಿಂದ ಒಂದು ಎರಡೂ ಬರಬೇಕು, ಒಂದೇ ಬಂದ್ರೆ ಕೂದಲು ಗಿಡ್ಡವೇ. ಅಂದ್ರೆ ಜೂಲುಜೂಲು ಕೋಲಿಗೂ ಗಿಡ್ಡ ಕೂದಲ ನಾಯಿಗೂ ಹುಟ್ಟಿದ ಮರಿಗಳು ಸಾಮಾನ್ಯವಾಗಿ ಗಿಡ್ಡ ಕೂದಲಲ್ಲೇ ಬರತ್ವೆ, ನೋಡಿದವರು ಕೋಲಿ ಅನ್ನೋದೇ ಇಲ್ಲ. ಕಪ್ಪು ಬಣ್ಣಾನೂ ಹಾಗೇ, ಒಂದು ಪ್ರತಿ ಬಂದ್ರೆ ಸಾಕು ಬೇರೆ ಬಣ್ಣಗಳನ್ನ ಮುಚ್ಚಿಬಿಡತ್ತೆ. ಕಪ್ಪು, ಗಿಡ್ಡ ಕೂದಲು, ಮಧ್ಯಮ ಸೈಜು, ಇಷ್ಟು ಕಂಡ ತಕ್ಷಣ 'ಲ್ಯಾಬ್ ಮಿಕ್ಸ್' ಅಂತ ಬರೆಯೋದು ಶೆಲ್ಟರ್‌ಗಳ ಹಳೇ ಚಾಳಿ, ನಿಮ್ಮ ತಂಗೀದೂ ಅದೇ ಲೆಕ್ಕ. ನೀಲಿ ಕಣ್ಣು ಹಸ್ಕಿಯಿಂದ ಬರಬಹುದು ನಿಜ, 2018ರಲ್ಲಿ ಅದಕ್ಕೆ ಸಂಬಂಧಪಟ್ಟ ಬದಲಾವಣೆ ಏಎಲ್‌ಎಕ್ಸ್4 ಅನ್ನೋ ಜೀನಿನ ಹತ್ತಿರ ಸಿಕ್ತು, ಆದ್ರೆ ಅದೇ ಬದಲಾವಣೆ ಕೆಲವು ಆಸ್ಟ್ರೇಲಿಯನ್ ಶೆಫರ್ಡ್‌ಗಳಲ್ಲೂ ಇದೆ. ಮರ್ಲ್, ಅಂದ್ರೆ ಮಸುಕು ಮೈಮೇಲೆ ಗಾಢ ಮಚ್ಚೆ ಚೆಲ್ಲಿದ ಹಾಗಿರೋ ಬಣ್ಣ, ಅದರ ಜೀನಿನಿಂದಾನೂ ನೀಲಿ ಕಣ್ಣು ಬರತ್ತೆ, ಮುಖದ ಮೇಲೆ ಬಿಳಿ ಜಾಸ್ತಿ ಹರಡಿದ್ರೂ ಬರತ್ತೆ. ಒಂದು ಕಣ್ಣಿಗೆ ಇಷ್ಟು ದಾರಿ ಇರುವಾಗ ಯಜಮಾನ್ರು ಅಷ್ಟು ಜೋರಾಗಿ ಹಸ್ಕಿ ಅನ್ನೋದು ಬೇಡ.

ಇದನ್ನ ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ವಿಕ್ಟೋರಿಯಾ ವಾಯ್ತ್ ಅನ್ನೋ ಪಶುವೈದ್ಯ ವಿಜ್ಞಾನಿ ಮತ್ತೆ ಅವರ ತಂಡ 2009ರಲ್ಲಿ, ಶೆಲ್ಟರ್‌ಗಳಿಂದ ಮನೆ ಸೇರಿದ್ದ 20 ಬೆರಕೆ ನಾಯಿಗಳ ಡಿಎನ್‌ಎ ತೆಗೆಸಿ ದತ್ತು ಕೊಟ್ಟವರು ಬರೆದಿದ್ದ ತಳಿ ಜೊತೆ ಹೋಲಿಸಿದ್ರು. ಇಂಥದ್ದೇ ತಳಿ ಅಂತ ಬರೆದಿದ್ದ 16 ನಾಯಿಗಳಲ್ಲಿ ಒಂದಾದ್ರೂ ತಳಿ ತಾಳೆ ಆಗಿದ್ದು ಬರೀ 4ರಲ್ಲಿ. ಸಣ್ಣ ಅಧ್ಯಯನ, ಆಗಿನ ಟೆಸ್ಟುಗಳೂ ಈಗಿನಷ್ಟು ಚೆನ್ನಾಗಿರಲಿಲ್ಲ, ಆದ್ರೂ ದಿನಾ ನಾಯಿ ನೋಡೋ ಜನಾನೇ ಇಷ್ಟು ಎಡವಿದ್ರೆ ನಾವು ನೀವು ಎಷ್ಟು ಹೇಳಿ.

ಯಾಕೆ ಹೀಗೆ ಅಂದ್ರೆ, ನಾಯಿ ಮೈಯಲ್ಲಿ ಸುಮಾರು 20 ಸಾವಿರ ಜೀನ್ ಇದ್ರೂ ನಮ್ಮ ಕಣ್ಣು ಹಿಡಿಯೋದು ಕೈಬೆರಳೆಣಿಕೆಯಷ್ಟರ ಕೆಲಸಾನ ಮಾತ್ರ. ಕೂದಲು ಉದ್ದ, ಗುಂಗುರು, ಗಡ್ಡ ಮೀಸೆ, ತಳಿನಾಯಿಗಳ ಈ ವೈವಿಧ್ಯದಲ್ಲಿ ಬಹುಪಾಲು ಮೂರೇ ಮೂರು ಜೀನುಗಳಿಂದ ಬರತ್ತೆ ಅಂತ 2009ರಲ್ಲೇ ತೋರಿಸಿಯಾಗಿದೆ. ಇಡೀ ನಾಯಿ ಯಾರದ್ದು ಅನ್ನೋದನ್ನ ಅದರ ಕೋಟು ನೋಡಿ ಹೇಳೋಕೆ ಹೊರಟ್ರೆ ಹೀಗೇ ಆಗೋದು. ಸ್ಕಾಟ್ ಮತ್ತು ಫುಲ್ಲರ್ ಅನ್ನೋ ಇಬ್ಬರು ಅಮೆರಿಕದ ವಿಜ್ಞಾನಿಗಳು ಬಸೆಂಜಿ ಮತ್ತು ಕಾಕರ್ ಸ್ಪ್ಯಾನಿಯಲ್ ಕ್ರಾಸ್ ಮಾಡಿಸಿದ್ರು, ಅದರ ಮೊದಲ ತಲೆಮಾರಿನ ಮರಿಗಳೇ ಅಪ್ಪನ ಥರಾನೂ ಇರಲಿಲ್ಲ ಅಮ್ಮನ ಥರಾನೂ ಇರಲಿಲ್ಲ, ಆ ಮರಿಗಳನ್ನ ಮತ್ತೆ ಕೂಡಿಸಿದಾಗ ಒಂದೇ ಸೂಲಿನ ಮರಿಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಬಂದ್ವು. 1965ರ ಅವರ ಪುಸ್ತಕದಲ್ಲಿ ಅದರ ಫೋಟೋಗಳಿವೆ, ಸಿಕ್ಕಿದ್ರೆ ನೋಡಿ, ಆಮೇಲೆ ಯಾವ ನಾಯಿ ಬಗ್ಗೆನೂ ಬೆಟ್ ಕಟ್ಟಲ್ಲ ನೀವು.

ನಿಮ್ಮ ನಾಯಿಗೆ ಬಂದ್ರೆ, ಕೋಲಿ ಇದ್ರೂ ಇರಬಹುದು. ಅದು ಮಾಡೋ ಕೆಲಸ ಏನೂ ಬರೆದಿಲ್ಲ ನೀವು, ನನಗೆ ಬಣ್ಣಕ್ಕಿಂತ ಅದು ಬೇಕಿತ್ತು.

ಪ್ರಶ್ನೆ: ನಾಲ್ಕು ತಿಂಗಳ ಮರಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದೆ. ನೆಟ್ಟಗಿರೋ ಕಿವಿ ನೋಡಿ ಜರ್ಮನ್ ಶೆಫರ್ಡ್ ಅನ್ನೋದಾ, ಮಡಚಿರೋದು ನೋಡಿ ಕೋಲಿ ಅನ್ನೋದಾ?

ಉತ್ತರ: ಏನೂ ಅನ್ನಬೇಡಿ, ಕಾಯಿರಿ. ಹಲ್ಲು ಬದಲಾಗೋ ಟೈಮಲ್ಲಿ ಕಿವಿ ಒಂದಿನ ಮೇಲೆ ಒಂದಿನ ಕೆಳಗೆ ಆಡ್ತಾನೇ ಇರತ್ತೆ, ಏಳೆಂಟು ತಿಂಗಳಾದ್ಮೇಲೆ ಎಲ್ಲಿ ನಿಂತಿರತ್ತೋ ಅದೇ ಕಿವಿ. ಅಪ್ಪಟ ಬಾರ್ಡರ್ ಕೋಲಿಗಳಲ್ಲೇ ನೆಟ್ಟಗಿರೋದು, ಅರ್ಧ ಮಡಚಿರೋದು, ಒಂದೊಂದು ಕಡೆ ಒಂದೊಂದು ಥರ ಇರೋದು ಎಲ್ಲಾ ಇವೆ, ಕಿವಿ ಮೇಲೆ ಯಾವ ನಂಬಿಕೇನೂ ಇಡೋಕಾಗಲ್ಲ. ಫೋಟೋ ತೆಗೆದಿಟ್ಕೊಳ್ಳಿ, ಆ ಒಂಟಿ ಕಿವಿ ವಯಸ್ಸು ಮತ್ತೆ ಬರಲ್ಲ.

ಪ್ರಶ್ನೆ: ಮೊದಲು ನಮ್ಮನೇಲಿ ಪೇಪರ್ ಇದ್ದ ಶುದ್ಧ ತಳಿ ನಾಯಿ ಇತ್ತು, ಯಾರೂ ಕ್ಯಾರೇ ಅಂತಿರಲಿಲ್ಲ. ಈಗ ಕೋಲಿನೋ ಹೀಲರೋ ಏನೋ ಒಂದು ಬೆರಕೆ. ವಾಕಿಂಗ್ ಹೋದ್ರೆ ಜನ ನಿಲ್ಲಿಸಿ ಮಾತಾಡಿಸ್ತಾರೆ. ಏನಿದೆ ಇವುಗಳಲ್ಲಿ ಅಂಥದ್ದು?

ಉತ್ತರ: ನೋಟ ಇದೆ. ಬೇರೆ ನಾಯಿ ನಿಮ್ಮ ಕೈಲಿರೋದನ್ನ ನೋಡತ್ತೆ, ಇವು ನಿಮ್ಮನ್ನ ನೋಡತ್ವೆ. ನೀವು ಕುರ್ಚಿ ಬಿಟ್ಟು ಏಳೋಕೆ ಮೊದಲೇ, ಇನ್ನೂ ಮೈ ಮುಂದಕ್ಕೆ ಬಗ್ಗಿದೆ ಅಷ್ಟೇ, ಆಗಲೇ ಬಾಗಿಲ ಹತ್ರ ಹೋಗಿ ನಿಂತಿರತ್ತೆ. ದೂರದಿಂದ ಮನುಷ್ಯನ ಕೈಸನ್ನೆ, ಸಿಳ್ಳೆ ಹಿಡಿದು ಕೆಲಸ ಮಾಡ್ಲಿ ಅಂತ ತಲೆಮಾರುಗಟ್ಟಲೆ ಆರಿಸಿ ಆರಿಸಿ ಬೆಳೆಸಿದ ನಾಯಿಗಳ ರಕ್ತ ಅದು, ಸ್ವಲ್ಪ ಬೆರೆತಿದ್ರೂ ಕೆಲವುಗಳಲ್ಲಿ ಎದ್ದು ಕಾಣತ್ತೆ.

ಎರಡನೇದು, ನನಗೆ ಇದೇ ಮುಖ್ಯ, ಕುರಿ ಕಾಯೋ ನಾಯಿಗಳು ಮೊದಲಿಂದಾನೂ ಬೆರಕೆನೇ. ಕುರುಬರು ನಾಯಿ ಬಣ್ಣ ನೋಡಿ ಮರಿ ಹಾಕಿಸಿದವರಲ್ಲ, ಪಕ್ಕದ ಬೆಟ್ಟದ ನಾಯಿ ಚೆನ್ನಾಗಿ ಕೆಲಸ ಮಾಡಿದ್ರೆ ಅದಕ್ಕೆ ತಮ್ಮ ಹೆಣ್ಣುನಾಯಿ ಕೊಡ್ತಿದ್ರು, ಮುಗೀತು. 1873ರಲ್ಲಿ ಎರಡು ಘಟನೆ ಆಯ್ತು, ತಳಿನಾಯಿಗಳ ವಂಶ ದಾಖಲೆ ಇಡೋ ಕೆನಲ್ ಕ್ಲಬ್ ಲಂಡನ್ನಲ್ಲಿ ಹುಟ್ಟಿದ್ದು ಆ ವರ್ಷ, ವೇಲ್ಸ್‌ನ ಬಾಲಾ ಅನ್ನೋ ಊರಲ್ಲಿ ಬ್ರಿಟನ್ನಿನ ಮೊದಲ ದೊಡ್ಡ ಕುರಿನಾಯಿ ಸ್ಪರ್ಧೆ ನಡೆದಿದ್ದೂ ಆ ವರ್ಷ. ಒಂದು ಕಡೆ ಪೇಪರು, ಇನ್ನೊಂದು ಕಡೆ ಕೆಲಸ, ಎರಡು ದಾರಿ ಅಲ್ಲಿಂದಾನೇ ಶುರು. 1906ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಶೀಪ್ ಡಾಗ್ ಸೊಸೈಟಿ ಇವತ್ತಿಗೂ, ವಂಶ ಗೊತ್ತಿಲ್ಲದ ನಾಯಿ ಕೆಲಸದಲ್ಲಿ ಪಾಸಾದ್ರೆ ಅದನ್ನ ದಾಖಲೆಗೆ ಸೇರಿಸ್ಕೊಳ್ಳೋ ಬಾಗಿಲು ತೆರೆದಿಟ್ಟಿದೆ. ಇದು ನನಗೆ ಬಹಳ ಇಷ್ಟ.

ಬಾರ್ಡರ್ ಕೋಲಿಗಳ ಮೂಲಪುರುಷ ಅಂತ ಕರೆಯೋದು ಓಲ್ಡ್ ಹೆಂಪ್ ಅನ್ನೋ ನಾಯೀನ. 1893ರಲ್ಲಿ ಇಂಗ್ಲೆಂಡಿನ ನಾರ್ತಂಬರ್ಲೆಂಡಲ್ಲಿ ಆಡಂ ಟೆಲ್ಫರ್ ಅನ್ನೋರ ಹತ್ರ ಹುಟ್ಟಿದ್ದು. ಅಪ್ಪ ರಾಯ್ ಸಲೀಸು ಸ್ವಭಾವ, ಕಣ್ಣಿನ ಬಿಗಿ ಕಮ್ಮಿ, ಅಮ್ಮ ಮೆಗ್ ನಾಚಿಕೆ ಸ್ವಭಾವ ಆದ್ರೆ ಕುರೀನ ನೋಟದಲ್ಲೇ ಕಟ್ಟಿಹಾಕೋಳು. ಎರಡೂ ಸೇರಿ ಹೆಂಪ್ ಬಂತು, ಸದ್ದಿಲ್ಲದೆ ಕೆಲಸ ಮಾಡೋದು, ಅದಕ್ಕೆ ಎಲ್ಲರೂ ಅದರ ಮರೀನೇ ಬೇಕು ಅಂದ್ರು. ಬಾರ್ಡರ್ ಕೋಲಿ ಅನ್ನೋ ಹೆಸರು ಬಂದಿದ್ದೇ ಅದು ಸತ್ತು ಎಷ್ಟೋ ವರ್ಷ ಆದ್ಮೇಲೆ. ಕೆಲ್ಪಿ ಅನ್ನೋ ಕುರಿನಾಯಿ ತಗೊಳ್ಳಿ, ಆಸ್ಟ್ರೇಲಿಯಾಕ್ಕೆ ಹೋದ ಸ್ಕಾಟ್ಲೆಂಡಿನ ಕೋಲಿಗಳಿಂದ ಬಂದಿದ್ದು. ಆಸ್ಟ್ರೇಲಿಯನ್ ಕ್ಯಾಟಲ್ ಡಾಗ್, ಅದೇ ನಾವು ಹೀಲರ್ ಅನ್ನೋದು, ಅದರಲ್ಲಂತೂ ಕಾಡುನಾಯಿ ಡಿಂಗೋ ರಕ್ತಾನೇ ಇದೆ. ಹಾಗಾಗಿ ನಿಮ್ಮ ಬೆರಕೆ ನಾಯಿ ಏನೋ ಕಮ್ಮಿ ಅಂತ ಯಾರಾದ್ರೂ ಅಂದ್ರೆ, ಅವರ ಶುದ್ಧ ತಳೀನೂ ಬೆರಕೆನೇ, ಲೆಕ್ಕ ಬರೆದಿಟ್ಟ ಬೆರಕೆ ಅಷ್ಟೇ ಅನ್ನಿ.

ಮತ್ತೆ ಆ ಊಹೆ ಆಟದ ಮಜಾನೂ ಇದೆ. ಶುದ್ಧ ತಳಿ ನಾಯಿ ನೋಡಿದ್ರೆ ಹೆಸರು ಹೇಳಿ ಮುಂದೆ ಹೋಗ್ತೀವಿ, ಬೆರಕೆ ಕಂಡ್ರೆ ನಿಂತು ಕಾಲು ನೋಡ್ತೀವಿ, ಬಾಲ ನೋಡ್ತೀವಿ, ಓಹೋ ಇಲ್ಲಿ ಏನೋ ಇದೆ ಅಂತ ಮಾತು ಶುರು ಆಗತ್ತೆ. ತಪ್ಪಾದ್ರೂ ನಷ್ಟ ಇಲ್ಲದ ಆಟ, ಒಂದು ವಿಷಯ ಬಿಟ್ಟು, ಅದು ಔಷಧಿದು, ಕೆಳಗೆ ಬರತ್ತೆ.

ಪ್ರಶ್ನೆ: ನಮ್ಮ ನಾಯಿ ಮಕ್ಕಳು ಓಡಾಡಿದ್ರೆ ಸುತ್ತು ಹಾಕಿ ಒಂದು ಮೂಲೆಗೆ ಸೇರಿಸತ್ತೆ, ಕೇಳದಿದ್ರೆ ಹಿಮ್ಮಡಿಗೆ ಬಾಯಿ ಹಾಕತ್ತೆ. ಗಾಯ ಮಾಡಿಲ್ಲ ಇನ್ನೂ. ಹೀಲರ್ ಅನ್ನೋದು ಗ್ಯಾರಂಟಿ ತಾನೆ? ಬಿಡಿಸೋದು ಹೇಗೆ?

ಉತ್ತರ: ಬಣ್ಣಕ್ಕಿಂತ ಇದು ಒಳ್ಳೇ ಸುಳಿವು, ಆದ್ರೆ ಗ್ಯಾರಂಟಿ ಅಲ್ಲ. ಬೇಟೆ ಪ್ರಾಣಿಗಳ ನಡವಳಿಕೆ ಒಂದು ಸರಪಳಿ ಥರ, ಗುರುತಿಸೋದು, ದಿಟ್ಟಿಸೋದು, ಹೊಂಚು ಹಾಕ್ತಾ ಹತ್ತಿರ ಹೋಗೋದು, ಅಟ್ಟಿಸೋದು, ಕಚ್ಚಿ ಹಿಡಿಯೋದು, ಕೊಲ್ಲೋದು ಅಂತ ಕೊಂಡಿಗಳು. ನಾಯಿಗಳ ನಡವಳಿಕೆ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ರೇಮಂಡ್ ಕಾಪಿಂಜರ್ ಇದನ್ನ ಚೆನ್ನಾಗಿ ಬಿಡಿಸಿ ಹೇಳಿದಾರೆ, ಮನುಷ್ಯ ಮಾಡಿದ್ದು ಒಂದೊಂದು ತಳೀಲಿ ಒಂದೊಂದು ಕೊಂಡಿ ಬಲಪಡಿಸಿ ಇನ್ನೊಂದನ್ನ ಸಡಿಲ ಬಿಟ್ಟಿದ್ದು. ಬಾರ್ಡರ್ ಕೋಲೀಲಿ ದಿಟ್ಟಿಸೋದು, ಹೊಂಚು, ಅಟ್ಟಿಸೋದು ಜೋರು, ಕಚ್ಚೋದು ಕಮ್ಮಿ. ಹೀಲರ್‌ನಲ್ಲಿ ಹೊಂಚಿನ ನಾಟಕ ಕಮ್ಮಿ, ಸೀದಾ ಹಿಂದಿನಿಂದ ಹೋಗಿ ದನದ ಹಿಮ್ಮಡಿಗೆ ಬಾಯಿ ಹಾಕಿ, ಒದೆ ಬೀಳೋಕೆ ಮೊದಲೇ ನೆಲಕ್ಕೆ ಅಂಟಿಕೊಂಡ ಹಾಗೆ ಮಲಗಿಬಿಡತ್ತೆ. ನ್ಯೂಜಿಲೆಂಡಿನ ಹಂಟವೇ ಬೊಗಳಿ ಬೊಗಳಿನೇ ಮಂದೆ ಓಡಿಸತ್ತೆ. ಕೆಲ್ಪಿ ಇಕ್ಕಟ್ಟಾದ್ರೆ ಕುರಿಗಳ ಬೆನ್ನ ಮೇಲೇ ಹತ್ತಿ ಓಡತ್ತೆ.

ಹಾಗಾಗಿ ನಿಮ್ಮ ನಾಯೀನ ಒಂದು ಸಲ ಸುಮ್ಮನೆ ಕೂತು ನೋಡಿ, ಸಾಧ್ಯ ಆದ್ರೆ ಮೊಬೈಲಲ್ಲಿ ಸ್ಲೋ ಮೋಷನ್ ಹಾಕಿ. ಓಡೋಕೆ ಮೊದಲು ತಲೆ ಭುಜಕ್ಕಿಂತ ಕೆಳಗೆ ಇಳಿಯತ್ತಾ? ಮುಂಗಾಲು ಒಂದು ಎತ್ತಿದ್ದು ಎತ್ತಿದ ಹಾಗೇ ನಿಲ್ಲತ್ತಾ? ಬಾಲ ಕೆಳಗೆ, ಕಣ್ಣು ಮಿಟುಕಿಸದ ನೋಟ, ಆಮೇಲೆ ಸದ್ದಿಲ್ಲದ ದೊಡ್ಡ ಸುತ್ತು, ಹೀಗಿದ್ರೆ ಕೋಲಿ ಕಡೆಗೆ ವಾಲಬಹುದು. ಇದ್ಯಾವುದೂ ಇಲ್ಲದೆ ಹಿಂದಿನಿಂದ ನುಗ್ಗಿ ಕಾಲಿಗೇ ಹೋದ್ರೆ ಹೀಲರ್, ಕಾರ್ಗಿ ಕಡೆಗೆ. ಆದ್ರೆ ಎಳೇ ನಾಯಿಗಳು ಯಾವ ತಳಿ ಆದ್ರೂ ಓಡೋ ಕಾಲಿಗೆ ಬಾಯಿ ಹಾಕತ್ವೆ ಅನ್ನೋದು ನೆನಪಿರಲಿ. 2022ರಲ್ಲಿ 'ಸೈನ್ಸ್' ಪತ್ರಿಕೇಲಿ ಬಂದ ಒಂದು ದೊಡ್ಡ ಅಧ್ಯಯನ ಇದೆ, 18 ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಸಾಕಿದವರು ತುಂಬಿದ ಪ್ರಶ್ನಾವಳಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ. ನಾಯಿ ನಾಯಿ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸೋಕೆ ಆಗಿದ್ದು ಸುಮಾರು ಶೇ. 9 ಮಾತ್ರ. ಹೇಳಿದ ಮಾತು ಕೇಳೋ ಗುಣದಲ್ಲಿ ತಳಿ ಪ್ರಭಾವ ಬೇರೆ ಗುಣಗಳಿಗಿಂತ ಜಾಸ್ತಿ ಕಂಡ್ರೂ, ಎಷ್ಟು ಬೇಗ ರೇಗತ್ತೆ ಅನ್ನೋದಕ್ಕೂ ತಳಿಗೂ ಸಂಬಂಧ ಇಲ್ಲ ಅನ್ನೋ ಅಷ್ಟು ಕಮ್ಮಿ.

ಬಿಡಿಸೋದಕ್ಕೆ, ಕಚ್ಚಿದ್ಮೇಲೆ ಗದರಿಸಿ ಉಪಯೋಗ ಇಲ್ಲ, ಅಟ್ಟಿಸೋದೇ ಅದಕ್ಕೆ ಬಹುಮಾನ, ಅದು ಆಗಲೇ ಸಿಕ್ಕಿಹೋಗಿದೆ. ದಿಟ್ಟಿಸೋ ಹಂತದಲ್ಲೇ ಹಿಡೀಬೇಕು. ತಲೆ ಇಳಿಸಿ ಮಕ್ಕಳ ಮೇಲೆ ಕಣ್ಣು ನೆಟ್ಟ ತಕ್ಷಣ ಹೆಸರು ಕರೆದು, ನಿಮ್ಮ ಕಡೆ ತಿರುಗಿದ್ರೆ ಒಳ್ಳೇ ತಿಂಡಿನೋ ಚೆಂಡೋ ಕೊಡಿ, ದಿನಾ ಮಾಡಿ. ಅದು ರೂಢಿ ಆಗೋವರೆಗೂ ಮಕ್ಕಳು ಓಡಿ ಆಡುವಾಗ ನಾಯಿ ಬೆಲ್ಟಲ್ಲಿ ಇರಲಿ, ಇಲ್ಲಾ ಬೇರೆ ರೂಮಲ್ಲಿ ಇರಲಿ. ಚಿಕ್ಕ ಮಕ್ಕಳ ಜೊತೆ ಒಂಟಿಯಾಗಿ ಬಿಡೋದಂತೂ ಬೇಡವೇ ಬೇಡ. ಸುಸ್ತಾಗೋ ತನಕ ಚೆಂಡು ಎಸೆದ್ರೆ ಸರಿಹೋಗತ್ತೆ ಅಂತ ಸುಮಾರು ಜನ ಹೇಳ್ತಾರೆ, ನಾನು ಒಪ್ಪಲ್ಲ, ಅದರಿಂದ ಅಟ್ಟಿಸೋ ಚಟ ಇನ್ನೂ ಗಟ್ಟಿ ಆಗತ್ತೆ. ಬಚ್ಚಿಟ್ಟಿದ್ದು ಹುಡುಕೋದು, ವಾಸನೆ ಹಿಡಿಯೋ ಆಟ, ತಲೆಗೆ ಕೆಲಸ ಕೊಡೋ ಅಂಥದ್ದು ಮಾಡಿಸಿ.

ಪ್ರಶ್ನೆ: ನಮ್ಮದು ಬೂದು ಬಣ್ಣದ ಮೇಲೆ ಕಪ್ಪು ಮಚ್ಚೆ ಚೆಲ್ಲಿದ ಹಾಗಿರೋ ಮರ್ಲ್ ನಾಯಿ. ಮರ್ಲ್ ಅಂದ್ರೆ ಆಸ್ಟ್ರೇಲಿಯನ್ ಶೆಫರ್ಡ್ ತಾನೆ? ಗೆಳೆಯನ ಹತ್ರಾನೂ ಅದೇ ಬಣ್ಣದ ಗಂಡುನಾಯಿ ಇದೆ. ಕೂಡಿಸಿದ್ರೆ ಎಲ್ಲಾ ಮರಿ ಇನ್ನೂ ಚೆಂದ ಬರಬಹುದಲ್ವಾ?

ಉತ್ತರ: ಮೊದಲನೇದಕ್ಕೆ, ಅಲ್ಲ. ಕೋಲಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್, ಬಾರ್ಡರ್ ಕೋಲಿ, ಕಾರ್ಡಿಗನ್ ಕಾರ್ಗಿ, ಕಟಹೂಲಾ, ಗ್ರೇಟ್ ಡೇನ್, ಡ್ಯಾಷ್‌ಹಂಡ್, ಇವೆಲ್ಲದರಲ್ಲೂ ಮರ್ಲ್ ಇದೆ. (ಅಂದಹಾಗೆ ಆಸ್ಟ್ರೇಲಿಯನ್ ಶೆಫರ್ಡ್ ತಳಿಯಾಗಿ ರೂಪುಗೊಂಡಿದ್ದು ಅಮೆರಿಕದ ಪಶ್ಚಿಮ ಭಾಗದಲ್ಲಿ.)

ಎರಡನೇದಕ್ಕೆ, ದಯವಿಟ್ಟು ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ. ಮರ್ಲ್ ಬರೋದು ಪಿಎಂಇಎಲ್ ಅನ್ನೋ ಜೀನಿನಲ್ಲಿ ಸೇರಿಕೊಂಡಿರೋ ಒಂದು ಡಿಎನ್‌ಎ ತುಣುಕಿನಿಂದ, 2006ರಲ್ಲಿ ಅದನ್ನ ಕಂಡುಹಿಡಿದ್ರು. ಒಂದು ಪ್ರತಿ ಇದ್ರೆ ಈ ಚೆಂದದ ಬಣ್ಣ. ಎರಡು ಮರ್ಲ್ ಕೂಡಿಸಿದ್ರೆ ಸರಾಸರಿ ನಾಲ್ಕು ಮರೀಲಿ ಒಂದಕ್ಕೆ ಎರಡೂ ಪ್ರತಿ ಬರತ್ತೆ, ಅಂಥ ಮರಿಗಳು ಮುಕ್ಕಾಲು ಬಿಳಿಯಾಗಿ ಹುಟ್ಟತ್ವೆ, ಕಿವಿ ಕೇಳದೇ ಇರೋದು, ಕಣ್ಣು ಸಣ್ಣದಾಗಿ ವಿಕಾರ ಆಗಿರೋದು, ಕುರುಡು, ಇವೆಲ್ಲ ಅವುಗಳಲ್ಲಿ ತುಂಬಾ. ಇನ್ನೊಂದು ಅಪಾಯ, ಪೂರ್ತಿ ಹಳದಿ ಅಥವಾ ಕೆಂಪು ನಾಯೀಲಿ ಮರ್ಲ್ ಇದ್ರೂ ಕಣ್ಣಿಗೆ ಕಾಣದೇ ಇರಬಹುದು, ಯಾಕಂದ್ರೆ ಅದು ಮಸುಕು ಮಾಡೋದು ಕಪ್ಪು ವರ್ಣದ್ರವ್ಯಾನ. ಹಾಗಾಗಿ ವಂಶ ಗೊತ್ತಿಲ್ಲದ ಬೆರಕೆ ನಾಯಿಗಳಲ್ಲಿ ಟೆಸ್ಟ್ ಮಾಡಿಸದೆ ಮರಿ ಹಾಕಿಸೋ ಯೋಚನೇನೇ ಬೇಡ. ಆಪರೇಷನ್ ಮಾಡಿಸಿ ಆರಾಮಾಗಿರಿ.

ಪ್ರಶ್ನೆ: ಎರಡು ಕಂಪನಿ ಡಿಎನ್‌ಎ ಕಿಟ್ ತರಿಸಿದೆ. ಒಂದು ಅರ್ಧ ಬಾರ್ಡರ್ ಕೋಲಿ, ಕಾಲು ಕೆಲ್ಪಿ ಅಂತು, ಇನ್ನೊಂದು ಕೆಲ್ಪಿ ಹೆಸರೇ ಎತ್ತಲಿಲ್ಲ, ಇಂಗ್ಲಿಷ್ ಶೆಫರ್ಡ್ ಅಂತು, ಜೊತೆಗೆ ಶೇ. 3 ಚಿವಾವಾ ಬೇರೆ! ದುಡ್ಡು ದಂಡ ಆಯ್ತಾ?

ಉತ್ತರ: ಪೂರ್ತಿ ದಂಡ ಅಲ್ಲ. ಕಿಟ್ ಹೇಗೆ ಕೆಲಸ ಮಾಡತ್ತೆ ಅಂದ್ರೆ, ಕೆನ್ನೆ ಒಳಗಿಂದ ಉಜ್ಜಿ ತೆಗೆದ ಡಿಎನ್‌ಎನ ತುಂಡು ತುಂಡಾಗಿ, ಕಂಪನಿ ಹತ್ರ ಇರೋ ತಳಿನಾಯಿಗಳ ಸಂಗ್ರಹದ ಜೊತೆ ಹೋಲಿಸ್ತಾ ಹೋಗ್ತಾರೆ, ಈ ತುಂಡು ಯಾರಿಗೆ ಹತ್ತಿರ, ಆ ತುಂಡು ಯಾರಿಗೆ ಹತ್ತಿರ ಅಂತ. ಸಂಗ್ರಹದಲ್ಲಿ ಇಲ್ಲದ ತಳಿ ಆದ್ರೆ ಅದರ ದಾಯಾದಿ ಹೆಸರು ಬರತ್ತೆ. ಬಾರ್ಡರ್ ಕೋಲಿ, ಕೆಲ್ಪಿ, ಇಂಗ್ಲಿಷ್ ಶೆಫರ್ಡ್, ಆಸ್ಟ್ರೇಲಿಯನ್ ಶೆಫರ್ಡ್ ಇವೆಲ್ಲ ನೂರೈವತ್ತು ಇನ್ನೂರು ವರ್ಷದ ಹಿಂದೆ ಹೆಚ್ಚುಕಮ್ಮಿ ಒಂದೇ ಮನೆಯವು, ಇವುಗಳ ಮಧ್ಯೆ ಎರಡು ಕಂಪನಿ ಜಗಳ ಆಡಿದ್ರೆ ಆಶ್ಚರ್ಯ ಇಲ್ಲ. ಎರಡು ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು 'ಕೋಲಿ ಬಳಗ ಜಾಸ್ತಿ' ಅಂತ ಓದ್ಕೊಳ್ಳಿ, ಅಷ್ಟು ನಿಜ. ಶೇ. 3 ಚಿವಾವಾ ಮರೆತುಬಿಡಿ, ಅಷ್ಟು ಸಣ್ಣ ಚೂರುಗಳಲ್ಲಿ ತಪ್ಪು ಆಗೋದು ಸುಲಭ.

ಇನ್ನೊಂದು ವಿಷಯ ಜನಕ್ಕೆ ಗೊಂದಲ ಆಗೋದು ಶೇಕಡಾ ಲೆಕ್ಕ. ಅಪ್ಪನಿಂದ ಅರ್ಧ ಅಮ್ಮನಿಂದ ಅರ್ಧ ಅನ್ನೋದು ಖಚಿತ, ಆದ್ರೆ ಅಜ್ಜ ಅಜ್ಜಿಯಿಂದ ಕಾಲು ಕಾಲು ಅನ್ನೋದು ಸರಾಸರಿ ಮಾತ್ರ. ನಾಯಿಗೆ 39 ಜೊತೆ ಕ್ರೋಮೋಸೋಮ್, ಒಂದೊಂದು ಮರಿಗೂ ಇಸ್ಪೀಟೆಲೆ ಹೊಸದಾಗಿ ಕಲಸಿ ಹಂಚಿದ ಹಾಗೆ, ಒಂದೇ ಸೂಲಿನ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಕೋಲಿ ಅಜ್ಜಿದು ಜಾಸ್ತಿ ಇನ್ನೊಬ್ಬನಿಗೆ ಕಮ್ಮಿ ಬರತ್ತೆ. ಅದೂ ಅಲ್ದೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರೋಕೂ ಸಾಧ್ಯ, ನಾಯಿಗಳಲ್ಲಿ ಅದು ಹೊಸದೇನಲ್ಲ. ಹಾಗಾಗಿ ಒಡಹುಟ್ಟಿದ ನಾಯಿ ರಿಪೋರ್ಟ್ ಬೇರೆ ಬಂತು ಅಂತ ಕಂಪನಿಗೆ ಬೈಯ್ಯೋಕೆ ಹೋಗಬೇಡಿ. ಸ್ಯಾಂಪಲ್ ತೆಗೆಯೋಕೆ ಮುಂಚೆ ನಾಯಿ ಏನೂ ತಿಂದಿರಬಾರದು, ಇನ್ನೊಂದು ನಾಯಿ ಜೊತೆ ಒಂದೇ ಬಟ್ಟಲಲ್ಲಿ ನೀರು ಕುಡಿದಿರಬಾರದು, ಅದೊಂದು ನೋಡ್ಕೊಳ್ಳಿ.

ಪ್ರಶ್ನೆ: ಯಾವ ತಳಿ ಆದ್ರೇನು, ಪ್ರೀತಿಯಿಂದ ಸಾಕ್ತೀವಿ. ಈ ಟೆಸ್ಟು ಗಿಸ್ಟು ಎಲ್ಲಾ ಯಾಕೆ ಅಂತ ನನ್ನ ಪ್ರಶ್ನೆ.

ಉತ್ತರ: ಹೆಸರಿಗೋಸ್ಕರ ಆದ್ರೆ ಬೇಡ, ನಿಮ್ಮ ಮಾತು ಒಪ್ತೀನಿ. ಆದ್ರೆ ಎಂಡಿಆರ್1 ಅಂತ ಒಂದು ಜೀನ್ ಇದೆ, ಅದಕ್ಕೋಸ್ಕರ ಬೇಕು. ಕೆಲವು ಔಷಧಿಗಳು ರಕ್ತದಿಂದ ಮೆದುಳಿಗೆ ನುಗ್ಗದ ಹಾಗೆ ಹೊರಗೆ ದಬ್ಬೋ ಒಂದು ಪಂಪು ಇರತ್ತೆ, ಈ ಜೀನ್ ಕೆಟ್ಟಿರೋ ನಾಯಿಗಳಲ್ಲಿ ಆ ಪಂಪ್ ಕೆಲಸ ಮಾಡಲ್ಲ, ಔಷಧಿ ಮೆದುಳಲ್ಲಿ ಶೇಖರ ಆಗತ್ತೆ. ತೂರಾಡೋದು, ಜೊಲ್ಲು, ಕಣ್ಣಿನ ಪಾಪೆ ಹಿಗ್ಗೋದು, ನಡುಕ, ತಾತ್ಕಾಲಿಕ ಕುರುಡು, ಕೋಮಾ, ಸಾವು ಕೂಡ. ಐವರ್‌ಮೆಕ್ಟಿನ್ ಅನ್ನೋ ಹುಳದ ಔಷಧಿ ಕೊಟ್ಟಾಗ ಕೋಲಿಗಳಿಗೆ (ಬಾರ್ಡರ್ ಕೋಲಿ ಅಲ್ಲ, ಬರೀ ಕೋಲಿ ಅನ್ನೋ ಬೇರೆ ತಳಿ) ಹೀಗಾಗೋದು ಡಾಕ್ಟರುಗಳಿಗೆ ಮೊದಲೇ ಗೊತ್ತಿತ್ತು, ಪಾದ ಬೆಳ್ಳಗಿದ್ರೆ ಆ ಔಷಧಿ ಬೇಡ ಅನ್ನೋ ಮಾತೇ ಅವರಲ್ಲಿ ಓಡಾಡ್ತಿತ್ತು. ಕಾರಣ ಸಿಕ್ಕಿದ್ದು 2001ರಲ್ಲಿ, ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಕತ್ರಿನಾ ಮೀಲಿ ಅವರ ತಂಡಕ್ಕೆ.

ಆ ಯೂನಿವರ್ಸಿಟಿ ಅಂಕಿಅಂಶದ ಪ್ರಕಾರ ಕೋಲಿಗಳಲ್ಲಿ ಸುಮಾರು ಶೇ. 70, ಆಸ್ಟ್ರೇಲಿಯನ್ ಶೆಫರ್ಡ್‌ಗಳಲ್ಲಿ ಸುಮಾರು ಅರ್ಧದಷ್ಟು ನಾಯಿಗಳಲ್ಲಿ ಈ ತೊಂದರೆ ಇದೆ, ಬಾರ್ಡರ್ ಕೋಲೀಲಿ ಶೇ. 5ಕ್ಕಿಂತ ಕಮ್ಮಿ, ಕುರಿನಾಯಿ ಬೆರಕೆಗಳಲ್ಲಿ ಸುಮಾರು ಶೇ. 10. ಒಂದೇ ಪ್ರತಿ ಇದ್ರೂ ಸ್ವಲ್ಪ ಮಟ್ಟಿಗೆ ತೊಂದರೆ ಆಗತ್ತೆ. ಮಜಾ ಏನಂದ್ರೆ 2004ರ ಒಂದು ಅಧ್ಯಯನದ ಪ್ರಕಾರ ಈ ದೋಷ ಇರೋ ತಳಿಗಳೆಲ್ಲ ಅದನ್ನ ಪಡೆದಿದ್ದು ಬ್ರಿಟನ್ನಲ್ಲಿ, ತಳಿ ಅಂತ ವಿಂಗಡಣೆ ಆಗೋಕೆ ಮೊದಲೇ ಇದ್ದ ಒಂದೇ ಒಂದು ಪೂರ್ವಜ ನಾಯಿಯಿಂದ. ಅಂದ್ರೆ ಗಿಡ್ಡ ಕೂದಲ, ಒಂಚೂರೂ ಕೋಲಿ ಥರ ಕಾಣದ ನಿಮ್ಮ ನಾಯೀಲೂ ಅದು ಇರಬಹುದು, ಕಣ್ಣಲ್ಲಿ ನೋಡಿ ಹೇಳೋಕೆ ಸಾಧ್ಯವೇ ಇಲ್ಲ.

ಹೆದರಬೇಡಿ, ಹೃದಯದ ಹುಳಕ್ಕೆ ತಿಂಗಳಿಗೊಮ್ಮೆ ಕೊಡೋ ಮಾತ್ರೇಲಿ ಐವರ್‌ಮೆಕ್ಟಿನ್ ಎಷ್ಟು ಕಮ್ಮಿ ಇರತ್ತೆ ಅಂದ್ರೆ ಲೇಬಲ್ ಪ್ರಕಾರ ಕೊಟ್ರೆ ಈ ನಾಯಿಗಳಿಗೂ ತೊಂದರೆ ಇಲ್ಲ. ಕಜ್ಜಿಗೆ ಕೊಡೋ ದೊಡ್ಡ ಡೋಸು, ಬೇದಿಗೆ ಮನುಷ್ಯರು ತಗೊಳ್ಳೋ ಲೋಪರಮೈಡ್, ಮಂಪರು ಬರಿಸೋ ಎಸೆಪ್ರೊಮೆಜಿನ್, ಕೆಲವು ಕ್ಯಾನ್ಸರ್ ಔಷಧಿ, ಇವುಗಳಲ್ಲಿ ಹುಷಾರು. ಜಂತುಹುಳದ ಔಷಧಿ ಹಾಕಿಸಿಕೊಂಡ ಕುರಿ ಕುದುರೆ ಸಗಣಿ ತಿಂದೂ ಇಂಥ ನಾಯಿಗಳು ಕಾಯಿಲೆ ಬಿದ್ದಿದ್ದಿದೆ. ಜೀವನದಲ್ಲಿ ಒಂದು ಸಲ ಕೆನ್ನೆ ಉಜ್ಜಿದ್ರೆ ಗೊತ್ತಾಗೋ ವಿಷಯ, ರಿಪೋರ್ಟನ್ನ ಡಾಕ್ಟರ ಫೈಲಿಗೆ ಹಾಕಿಸಿಬಿಡಿ. ರಿಪೋರ್ಟ್ ಬರೋತನಕ ದೋಷ ಇದೆ ಅಂದ್ಕೊಂಡೇ ಔಷಧಿ ಕೊಡೋದು ಜಾಣತನ.

ಪ್ರಶ್ನೆ: ಬೆರಕೆ ನಾಯಿಗೆ ಕಾಯಿಲೆನೇ ಬರಲ್ಲ ಅಂತಾರಲ್ಲ?

ಉತ್ತರ: ಬರತ್ತೆ. 2013ರಲ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಡೇವಿಸ್ ಕ್ಯಾಂಪಸ್‌ನವರು 24 ಅನುವಂಶೀಯ ಕಾಯಿಲೆಗಳನ್ನ ತಗೊಂಡು ನೋಡಿದ್ರು, 10ರಲ್ಲಿ ಶುದ್ಧ ತಳಿಗೆ ಜಾಸ್ತಿ, 13ರಲ್ಲಿ ವ್ಯತ್ಯಾಸ ಇಲ್ಲ, ಮಂಡಿ ಒಳಗಿನ ಲಿಗಮೆಂಟ್ ಹರಿಯೋದು ಮಾತ್ರ ಬೆರಕೆಗಳಿಗೇ ಜಾಸ್ತಿ. ಸ್ವಲ್ಪ ಅನುಕೂಲ ಇದೆ ಅಂತ ಬೇಕಾದ್ರೆ ಹೇಳಿ, ಲಸಿಕೆ ತಪ್ಪಿಸಬೇಡಿ.

ಪ್ರಶ್ನೆ: ಫೋಟೋ ಕಳಿಸಿದೀನಿ ಮೇಡಂ. ಮೂರು ವರ್ಷದ ಗಂಡು, ಮಂಡಿಗಿಂತ ಸ್ವಲ್ಪ ಮೇಲೆ ಬರ್ತಾನೆ. ಬೂದು ಮೈ, ಹತ್ತಿರದಿಂದ ನೋಡಿದ್ರೆ ಕಪ್ಪು ಬಿಳಿ ಕೂದಲು ಒಂದರ ಪಕ್ಕ ಒಂದು ಬೆರೆತಿದೆ. ಹುಟ್ಟಿದಾಗ ಬಿಳಿ ಇದ್ದ, ವಾರಗಳು ಕಳೆದ ಹಾಗೆ ಬೂದು ಆದ ಅಂತ ಕೊಟ್ಟವರು ಹೇಳಿದ್ರು. ಹುಬ್ಬಿನ ಮೇಲೆ, ಕಾಲಲ್ಲಿ ಕಂದು. ಕಿವಿ ಅರ್ಧ ಮಡಚಿದೆ. ಬಾಲ ಹುಟ್ಟಿನಿಂದಲೇ ಮೊಂಡು. ಒಂದು ಕಣ್ಣಲ್ಲಿ ಕಂದು ಮಧ್ಯೆ ನೀಲಿ ಚೂರು. ಯಾರೇ ಮನೆಯಿಂದ ಹೊರಟ್ರೂ ಹಿಮ್ಮಡಿ ಹಿಂದೇನೇ ಮೂಗು ಇಟ್ಕೊಂಡು ಬಾಗಿಲ ತನಕ ಬರ್ತಾನೆ. ಡಿಎನ್‌ಎ ಕಳಿಸಿದೀವಿ, ರಿಪೋರ್ಟ್ ಇನ್ನೂ ಬಂದಿಲ್ಲ. ಅಷ್ಟರಲ್ಲಿ ನಿಮ್ಮ ಊಹೆ?

ಉತ್ತರ: ಇಷ್ಟು ಚೆನ್ನಾಗಿ ನೋಡಿ ಬರೆದಿದೀರಲ್ಲ, ನಿಮ್ಮಂಥವರು ಇದ್ರೆ ನನ್ನ ಕೆಲಸ ಅರ್ಧ ಕಮ್ಮಿ. ಹುಟ್ಟಿದಾಗ ಬಿಳಿ, ಆಮೇಲೆ ಕೂದಲು ಕೂದಲಾಗಿ ಬೂದು ತುಂಬ್ಕೊಳ್ಳೋದು ಹೀಲರ್ ಮರಿಗಳ ರೀತಿ. ಮರ್ಲ್ ಆಗಿದ್ರೆ ಮಚ್ಚೆ ಹುಟ್ಟಿದಾಗಲೇ ಕಾಣ್ತಿತ್ತು. ಡಾಲ್ಮೇಷಿಯನ್ ಕೂಡ ಬಿಳಿಯಾಗೇ ಹುಟ್ಟತ್ತೆ, ಆದ್ರೆ ಅದರ ಚುಕ್ಕೆ ದುಂಡಗೆ ಬಿಡಿಬಿಡಿಯಾಗಿ ಬರತ್ತೆ, ಇವನದ್ದು ಹಾಗಿಲ್ಲ. ಹಿಮ್ಮಡಿ ಹಿಂದೆ ಮೂಗು ಅನ್ನೋದೂ ಅದೇ ಕಡೆಗೆ. ಹಾಗಾಗಿ ಒಂದು ಪಾಲು ಹೀಲರ್, ಇದರಲ್ಲಿ ನನಗೆ ಧೈರ್ಯ ಇದೆ.

ಇನ್ನೊಂದು ಪಾಲು ಕಷ್ಟ. ಹುಟ್ಟಾ ಮೊಂಡುಬಾಲಕ್ಕೆ ಒಂದು ಪ್ರತಿ ಜೀನ್ ಸಾಕು, ಅದು ಆಸ್ಟ್ರೇಲಿಯನ್ ಶೆಫರ್ಡ್‌ಗಳಲ್ಲಿ ಇದೆ, ಅರ್ಧ ಮಡಚಿದ ಕಿವಿ, ಕಣ್ಣಿನ ನೀಲಿ ಚೂರು ಎಲ್ಲಾ ಅಲ್ಲಿಂದಾನೇ ಬರಬಹುದು, ಬೂದಿನ ಕೆಳಗೆ ಮರ್ಲ್ ಇದ್ರೂ ಇರಬಹುದು, ರಿಪೋರ್ಟಲ್ಲಿ ಆ ಸಾಲು ನೋಡಿ. ಆದ್ರೆ ಸ್ಟಂಪಿ ಟೇಲ್ ಕ್ಯಾಟಲ್ ಡಾಗ್ ಅಂತ ಹೀಲರ್‌ಗೆ ಒಬ್ಬ ಮೊಂಡುಬಾಲದ ದಾಯಾದಿ ಬೇರೆ ಇದಾನೆ, ಅವನು ಬಂದ್ರೆ ಬಾಲದ ಲೆಕ್ಕ ತಲೆಕೆಳಗು. ಅವನ ಕಿವಿ ನೆಟ್ಟಗಿರತ್ತೆ, ಮೈಯಲ್ಲಿ ಕಂದು ಇರಬಾರದು ಅನ್ನೋದು ನಿಯಮ, ನಿಮ್ಮವನಿಗೆ ಕಂದೂ ಇದೆ ಮಡಚಿದ ಕಿವೀನೂ ಇದೆ, ಅದಕ್ಕೇ ನಾನು ಶೆಫರ್ಡ್ ಕಡೆ ವಾಲಿದ್ದು. ಕಿವಿ ಮೇಲೆ ನಂಬಿಕೆ ಇಡಬೇಡಿ ಅಂತ ಮೇಲೆ ನಾನೇ ಬರೆದಿದೀನಿ, ಗೊತ್ತು, ಆದ್ರೂ.

ನನ್ನ ಊಹೆ: ಅರ್ಧ ಹೀಲರ್, ಅರ್ಧ ಆಸ್ಟ್ರೇಲಿಯನ್ ಶೆಫರ್ಡ್, ಅಮೆರಿಕದಲ್ಲಿ ಟೆಕ್ಸಾಸ್ ಹೀಲರ್ ಅಂತ ಕರೆಯೋ ಕ್ರಾಸು. ರಿಪೋರ್ಟ್ ಬಂದ ತಕ್ಷಣ ಕಳಿಸಿ, ಏನೇ ಬಂದಿದ್ರೂ ಮುಂದಿನ ಸಂಚಿಕೇಲಿ ಹಾಕ್ತೀನಿ, ಎಂಡಿಆರ್1 ಸಾಲು ಮಾತ್ರ ನನಗಿಂತ ಮೊದಲು ಡಾಕ್ಟರಿಗೆ ತೋರಿಸಿ.